ಯಿಡ್ಡಿಷ್ ಭಾಷೆಯ ವ್ಯಾಸಂಗ

ಗ್ರೀಕ್, ಲ್ಯಾಟಿನ್, ಇಬ್ರಿಯ ಭಾಷೆಗಳಿಗೆ ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳಲ್ಲಿ ಸಲ್ಲುವ ಗೌರವವನ್ನು ನಮ್ಮ ವಾಚಕರು ಬಲ್ಲರು. ಆದರೆ ಪಂಡಿತರು ಬಹುಕಾಲ ಒರಟು ಮಾತೆಂದು ತುಚ್ಛೀಕರಿಸಿದ ಯಿಡ್ಡಿಷ್ ಭಾಷೆಯೂ ಅಲ್ಲಿ ವ್ಯಾಸಂಗದ ವಿಷಯವಾಗಿದೆಯೆಂಬುದು ಹಲವರಿಗೆ ಹೊಸದಾಗಿರಬಹುದು. ಸ್ತ್ರೀಯರಿಗೆ ವಿಶೇಷವಾಗಿ ಸಂಬಂಧಪಟ್ಟ ಸಂಗತಿಯಾದುದರಿಂದ ಇಲ್ಲಿ ಕೊಂಚ ವಿವರಿಸುತ್ತೇವೆ.

ಸುಮಾರು ೧೦೦೦ ವರ್ಷಗಳ ಹಿಂದೆ ಜರ್ಮನ್ ಸೀಮೆಯಲ್ಲಿ ನೆಲೆಸಿದ ಯೆಹೂದ್ಯರ ಬಾಯಲ್ಲಿ ಈ ಭಾಷೆ ರೂಪುಗೊಂಡಿತು. ಒಡಲು ಜರ್ಮನ್, ಲಿಪಿ ಮಾತ್ರ ಇಬ್ರಿಯ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಓದುವ ಮಂಗಳೂರಿನ ಸೋದರಿಯರಿಗೆ ಇದು ಸೋಜಿಗವೆನಿಸದು. ಯೆಹೂದ್ಯರು ಪೋಲೆಂಡ್ ಮೊದಲಾದ ಪೂರ್ವದೇಶಗಳಿಗೆ ಸರಿದಂತೆ ಸ್ಲಾವ್ ಭಾಷೆಗಳ ಶಬ್ದಗಳೂ ಬಂದು ಸೇರಿದವು. ಸಾಮಾನ್ಯ ಪುಸ್ತಕಕ್ಕೆ 'ಬುಖ್' ಎಂಬ ಜರ್ಮನ್ ಶಬ್ದ. ಧರ್ಮಗ್ರಂಥಕ್ಕೆ 'ಸೇಫರ್' ಎಂಬ ಇಬ್ರಿಯ ಶಬ್ದ. ಅಜ್ಜಿಗೆ 'ಬೊಬೆ' ಎಂಬ ಸ್ಲಾವ್ ಶಬ್ದ. ಹೀಗೆ ಒಂದೇ ವಾಕ್ಯದಲ್ಲಿ ವಿದ್ಯಾರ್ಥಿನಿಯು ಒಂದು ಜನಾಂಗದ ಪ್ರಯಾಣವನ್ನು ಕಾಣಬಲ್ಲಳು.

ಇಬ್ರಿಯವನ್ನು ಗಂಡುಮಕ್ಕಳಿಗೆ ಕಲಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ಆ ಭಾಗ್ಯ ಅಪರೂಪ. ಅವರಿಗೆ ಯಿಡ್ಡಿಷೇ ಪ್ರಾರ್ಥನೆಗೂ ಓದಿಗೂ ಆಧಾರವಾಯಿತು. ಮೋಶೆಯ ಗ್ರಂಥಗಳನ್ನು ಕಥೆಗಳೊಡನೆ ತಿಳಿಯಹೇಳುವ 'ತ್ಸೆನೆರೆನೆ' ಎಂಬ ಹೊತ್ತಗೆಯನ್ನು ಶತಮಾನಗಳ ಕಾಲ ಮನೆಮನೆಯ ತಾಯಂದಿರು ಓದಿದರು. ಹ್ಯಾಂಬರ್ಗಿನ ಗ್ಲಿಕ್ಲ್ ಎಂಬಾಕೆ ೧೬೮೯ರಲ್ಲಿ ಪತಿಯನ್ನು ಕಳೆದುಕೊಂಡಳು. ವ್ಯಾಪಾರವನ್ನೂ ದೊಡ್ಡ ಸಂಸಾರವನ್ನೂ ಒಬ್ಬಳೇ ನಡೆಸುತ್ತಾ, ನಿದ್ರೆಬಾರದ ರಾತ್ರಿಗಳಲ್ಲಿ ತನ್ನ ವೃತ್ತಾಂತವನ್ನು ಮಕ್ಕಳಿಗಾಗಿ ಬರೆದಿಟ್ಟಳು. ಅದು ಅಚ್ಚಾದುದು ೧೮೯೬ರಲ್ಲಿ. ಆ ಕಾಲದ ಯೆಹೂದ್ಯ ಕುಟುಂಬಜೀವನವನ್ನು ತಿಳಿಯಲು ಇದಕ್ಕಿಂತ ಮಿಗಿಲಾದ ಬರಹ ದುರ್ಲಭವೆಂದೇ ನಮ್ಮ ಭಾವನೆ.

೧೯೨೫ರಲ್ಲಿ ವಿಲ್ನಾ ನಗರವನ್ನು ಕೇಂದ್ರವಾಗಿಟ್ಟುಕೊಂಡು 'ಯಿವೊ' ಎಂಬ ಸಂಶೋಧನಾ ಸಂಸ್ಥೆ ಸ್ಥಾಪಿತವಾಯಿತು. ೧೯೩೯ಕ್ಕೆ ಮುಂಚೆ ಈ ಭಾಷೆಯನ್ನಾಡುವವರು ೧ ಕೋಟಿಗೂ ಮಿಕ್ಕಿದ್ದರು. ನಾತ್ಸಿಗಳು ಕೊಂದ ಸುಮಾರು ೬೦ ಲಕ್ಷ ಯೆಹೂದ್ಯರಲ್ಲಿ ಬಹುಪಾಲು ಇವರೇ. ವಿಲ್ನಾದ ಗ್ರಂಥಗಳನ್ನು ವಿಂಗಡಿಸುವ ಬಿಟ್ಟಿ ಚಾಕರಿಗೆ ಹಚ್ಚಲ್ಪಟ್ಟ ಕವಿ ಸುತ್ಸ್ಕೆವರ್ ಮತ್ತು ಅವರ ಸಂಗಡಿಗರು, ಪ್ರಾಣಾಪಾಯವನ್ನು ಲೆಕ್ಕಿಸದೆ, ಹಸ್ತಪ್ರತಿಗಳನ್ನು ಉಡುಪಿನೊಳಗೆ ಅಡಗಿಸಿ ಸಾಗಿಸಿದರು. ಹಾಗೆ ಉಳಿದ ಕಾಗದಗಳಲ್ಲಿ ಹಲವನ್ನು ಇಂದು ನ್ಯೂಯಾರ್ಕಿನಲ್ಲಿ ವಿದ್ಯಾರ್ಥಿಗಳು ಓದುತ್ತಾರೆ. ಉರಿಯೆಲ್ ವೈನ್‌ರೈಖರ ಪಠ್ಯಪುಸ್ತಕವು ೧೯೪೯ರಲ್ಲಿ ಹೊರಬಂದಿತು. ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದಲ್ಲಿ ೧೯೫೧ರಲ್ಲಿ ಯಿಡ್ಡಿಷ್ ವಿಭಾಗ ಆರಂಭವಾಯಿತು. ಕಲಿಯುವವರಲ್ಲಿ ಯೆಹೂದ್ಯರಲ್ಲದವರೂ ಇದ್ದಾರೆ.

ಇದರಿಂದ ಉದ್ಯೋಗವೇನೆಂದು ತಂದೆತಾಯಂದಿರು ಕೇಳುವುದು ನ್ಯಾಯವೇ. ಹುದ್ದೆಗಳು ವಿರಳ, ಬೋಧನೆ, ದಾಖಲೆಗಳ ರಕ್ಷಣೆ, ಭಾಷಾಂತರ, ಇಷ್ಟೇ. ಆದರೆ ಕೆಲಸಕ್ಕೆ ಕೊರತೆಯಿಲ್ಲ. ಮಿರಿಯಮ್ ಕಾರ್ಪಿಲೋವ್ ಎಂಬ ಲೇಖಕಿಯು ೧೯೧೬ರಿಂದ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಬರೆದ ಕಾದಂಬರಿಯು ಇಂಗ್ಲಿಷಿಗೆ ಬಂದುದು ೨೦೨೦ರಲ್ಲಿ.