ನಿಮಗಿದು ಗೊತ್ತೆ? ಗುರುತ್ವಕ್ಕೂ ಉಂಟು ಪರೀಕ್ಷೆ!

● ಗೋಕಾಕ ಜಲಪಾತದಲ್ಲಿ ಘಟಪ್ರಭಾ ನದಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಗಾಳಿಯ ತಡೆ ಇಲ್ಲದಿದ್ದರೆ ನೀರಹನಿಯಾಗಲಿ, ಬಂಡೆಯಾಗಲಿ ತಳ ಮುಟ್ಟಲು ಹಿಡಿಯುವ ಸಮಯ ಒಂದೇ: ಸುಮಾರು 3.3 ಸೆಕೆಂಡು. ಗುರುತ್ವದ ಯಾವುದೇ ಹೊಸ ಸಿದ್ಧಾಂತ ಮೊದಲು ಪಾಸಾಗಬೇಕಾದ ಪರೀಕ್ಷೆ ಇದು.

● 1986ರಲ್ಲಿ ಅಮೆರಿಕದ ಎಫ್ರೈಮ್ ಫಿಶ್‌ಬಾಕ್ ಮತ್ತು ಸಂಗಡಿಗರು ಈ ಸಮಾನತೆಯನ್ನೇ ಪ್ರಶ್ನಿಸಿದರು. ವಸ್ತುವಿನಿಂದ ವಸ್ತುವಿಗೆ ಬದಲಾಗುವ ‘ಐದನೇ ಬಲ’ವೊಂದು ಇರಬಹುದು ಎಂದರು.

● ಅದನ್ನು ಒರೆಗೆ ಹಚ್ಚಿದ ತಾಣಗಳಲ್ಲಿ ನಮ್ಮ ಗೌರಿಬಿದನೂರೂ ಒಂದು! ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಾಮನಾಥ್ ಕೌಸಿಕ್ ಅವರ ತಂಡ ಅಲ್ಲಿ ನೆಲದಡಿ 25 ಮೀಟರ್ ಆಳದಲ್ಲಿ ತಾಮ್ರ ಮತ್ತು ಸೀಸದ ಭಾಗಗಳಿದ್ದ ತಿರುಚು ತಕ್ಕಡಿಯನ್ನು ತೂಗುಬಿಟ್ಟಿತು. ಅಷ್ಟು ಆಳದಲ್ಲಿ ಉಷ್ಣತೆ ಏರುಪೇರಾಗದು, ಕಂಪನದ ಕಾಟವೂ ಕಡಿಮೆ. ಹೊಸ ಬಲವಿದ್ದಿದ್ದರೆ ತಕ್ಕಡಿ ತುಸುವಾದರೂ ತಿರುಗಬೇಕಿತ್ತು. 1988ರಲ್ಲಿ ಪ್ರಕಟವಾದ ಫಲಿತಾಂಶ: ಅಂಥ ಬಲದ ಸುಳಿವಿಲ್ಲ.

● ಎತ್ತರದಲ್ಲಿ ಗಡಿಯಾರ ವೇಗವಾಗಿ ಓಡುತ್ತದೆ ಎನ್ನುತ್ತದೆ ಐನ್‌ಸ್ಟೈನ್ ಸಿದ್ಧಾಂತ. ಗೋಕಾಕ ಜಲಪಾತದ ನೆತ್ತಿಯ ಗಡಿಯಾರ ತಳದ್ದಕ್ಕಿಂತ ವರ್ಷಕ್ಕೆ ಸುಮಾರು 0.18 ಮೈಕ್ರೊಸೆಕೆಂಡು ಮುಂದಿರುತ್ತದೆ. ಜಲಪಾತದ ಎತ್ತರದ ಅರ್ಧಕ್ಕೂ ಕಡಿಮೆ, ಅಂದರೆ 22.5 ಮೀಟರ್ ಎತ್ತರದಲ್ಲೇ ಹಾರ್ವರ್ಡ್‌ನ ಪೌಂಡ್ ಮತ್ತು ರೆಬ್ಕಾ 1960ರಲ್ಲಿ ಈ ಪರಿಣಾಮವನ್ನು ಅಳೆದಿದ್ದರು.

● ಐನ್‌ಸ್ಟೈನ್‌ಗೆ ಪರ್ಯಾಯವಾಗಿ 1961ರಲ್ಲಿ ಬಂದದ್ದು ಬ್ರಾನ್ಸ್–ಡಿಕೆ ಸಿದ್ಧಾಂತ. ಕ್ಯಾಸಿನಿ ಬಾಹ್ಯಾಕಾಶ ನೌಕೆಯಿಂದ ಸೂರ್ಯನ ಪಕ್ಕದಲ್ಲಿ ಹಾದುಬಂದ ರೇಡಿಯೊ ಸಂಕೇತಗಳ ಅಳತೆ 2003ರಲ್ಲಿ ಪ್ರಕಟವಾದಾಗ, ಐನ್‌ಸ್ಟೈನ್ ಲೆಕ್ಕ ಲಕ್ಷದಲ್ಲಿ ಎರಡು ಭಾಗದಷ್ಟು ನಿಖರವಾಗಿ ತಾಳೆಯಾಯಿತು. ಪರ್ಯಾಯಕ್ಕೆ ಉಳಿದ ಜಾಗ ಬಲು ಇಕ್ಕಟ್ಟು.