ಹಿತ್ತಿಲ ಹೊಗೆಸೊಪ್ಪು

ಹೊಗೆಸೊಪ್ಪು ನಮ್ಮ ನಾಡಿನ ಸಸ್ಯವಲ್ಲ. ಅಮೇರಿಕಾ ಖಂಡದಲ್ಲಿ ಹುಟ್ಟಿದ ಇದನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ನಾವಿಂದು ಬಾಳುತ್ತಿರುವ ಫೋರ್ಟ್ ಕೊಚ್ಚಿಯಲ್ಲಿ 1503ರಲ್ಲಿ ಕೋಟೆ ಕಟ್ಟಿದವರೂ ಅವರೇ. ಪರದೇಶಿಯಾಗಿ ಬಂದ ಸೊಪ್ಪು ಕಾಲಕ್ರಮದಲ್ಲಿ ಎಲೆ, ಅಡಿಕೆ, ಸುಣ್ಣಗಳ ಜೊತೆ ನಮ್ಮ ಹರಿವಾಣವನ್ನೇರಿ ಮನೆಯ ಸದಸ್ಯನಂತೆ ನೆಲೆಸಿತು. ಕನ್ನಡದ ‘ಹೊಗೆಸೊಪ್ಪು’, ಮಲೆಯಾಳದ ‘ಪುಗಯಿಲ’ ಎರಡಕ್ಕೂ ಅರ್ಥ ಒಂದೇ. “ಪೇಟೆಯ ಸರಕು ಕೆಟ್ಟದ್ದಿರಬಹುದು, ಹಿತ್ತಿಲಲ್ಲಿ ನಾವೇ ಬೆಳೆದ ಸೊಪ್ಪಿನಲ್ಲಿ ದೋಷವೆಲ್ಲಿಯದು?” ಎಂಬ ಮಾತನ್ನು ಹಿರಿಯರ ಬಾಯಿಂದ ನಾವು ಕೇಳುತ್ತ ಬಂದಿದ್ದೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದು ವಿಚಾರಾರ್ಹವಾಗಿದೆ.

ಹಿತ್ತಿಲ ಹೊಗೆಸೊಪ್ಪೆಂದೊಡನೆ ನಮ್ಮ ನೆನಪಿಗೆ ಬರುವುದು ಕಾಸರಗೋಡು ಸೀಮೆ. 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಆ ಸೀಮೆಯಲ್ಲಿ ಬೇಕಲ, ಪಳ್ಳಿಕ್ಕರೆ, ಅಜಾನೂರು ಮೊದಲಾದ ಕಡಲಂಚಿನ ಊರುಗಳ ಮರಳುನೆಲ ಈ ಬೆಳೆಗೆ ಹೆಸರಾಗಿತ್ತು. ಇಂದು ಅದು ಬಹಳ ಕುಗ್ಗಿಹೋಗಿದೆ; ಆದರೆ ಅದರ ಹಿಂದಿದ್ದ ದುಡಿಮೆ ಮರೆಯತಕ್ಕದ್ದಲ್ಲ.

ಹೊಗೆಸೊಪ್ಪಿನ ಬೀಜ ಧೂಳಿನಷ್ಟು ಸಣ್ಣದು. ಒಂದು ಗ್ರಾಮಿನಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಬೀಜಗಳಿರುತ್ತವೆ. ಆದುದರಿಂದ ಬೂದಿಯೊಡನೆಯೋ ಮರಳಿನೊಡನೆಯೋ ಬೆರೆಸಿ, ಹದಮಾಡಿದ ಮಡಿಯ ಮೇಲೆ ತೆಳ್ಳಗೆ ಎರಚುತ್ತಾರೆ. ಮಣ್ಣಿನಡಿ ಹೂಳಿದರೆ ಮೊಳೆಯದು. ಆರೇಳು ವಾರಗಳಲ್ಲಿ ಸಸಿಗಳನ್ನು ಕಿತ್ತು, ಮಳೆಗಾಲ ಹಿಂದೆಗೆದ ಮೇಲೆ ಹಟ್ಟಿಗೊಬ್ಬರ ಹಾಕಿದ ಗದ್ದೆಯಲ್ಲಿ ನೆಡಬೇಕು. ಮರಳು ನೀರನ್ನು ಹಿಡಿದಿಡುವುದಿಲ್ಲ; ಆದಕಾರಣ ಹತ್ತಿರ ತೋಡಿದ ಹೊಂಡದಿಂದ ಕೊಡದಲ್ಲಿ ಹೊತ್ತು ತಂದು ಬುಡಬುಡಕ್ಕೆ ಎರೆಯಬೇಕು. ಗಿಡ ಹೂ ಬಿಡುವ ಮೊದಲೇ ಅದರ ತಲೆ ಮುರಿದು, ಕಂಕುಳಲ್ಲಿ ಒಡೆಯುವ ಕುಡಿಗಳನ್ನು ವಾರವಾರವೂ ಚಿವುಟಬೇಕು. ಇಲ್ಲವಾದರೆ ಸಾರವೆಲ್ಲ ಹೂವಿಗೆ ಹೋಗಿ ಎಲೆ ತೆಳುವಾಗುವುದು. ನಟ್ಟ ಮೂರು ತಿಂಗಳಿಗೆ ಕೆಳಗಿನ ಎಲೆಗಳು ಹಳದಿಗಟ್ಟಿ, ಮಡಿಚಿದರೆ ಲಟಕ್ಕನೆ ಮುರಿಯುವಂತಾದಾಗ ಕೊಯ್ಲು ಆರಂಭ. ಕೊಯ್ದ ಎಲೆಯನ್ನು ಬಾಡಿಸಿ, ಹುರಿಗೆ ಕಟ್ಟಿ ವಾರಗಟ್ಟಲೆ ತೂಗಹಾಕಿ, ಬಳಿಕ ರಾಶಿಯೊಟ್ಟಿ ಆಗಾಗ ಮಗುಚಿ ಹದಕ್ಕೆ ತರುತ್ತಾರೆ. ಕಂದು ಬಣ್ಣ, ಗಾಟು, ಪರಿಮಳ ಎಲ್ಲವೂ ಬರುವುದು ಈ ಹದದಲ್ಲಿಯೇ.

ಇಷ್ಟು ಬೆವರಿನ ಬೆಳೆಯ ಮೇಲೆ ಆಳುವವರ ಕಣ್ಣು ಬಿದ್ದುದು ಸಹಜ. ತಿರುವಿದಾಂಕೂರಿನಲ್ಲಿ ಹೊಗೆಸೊಪ್ಪಿನ ವ್ಯಾಪಾರ ಸರಕಾರದ ಏಕಸ್ವಾಮ್ಯವಾಗಿತ್ತು, ಟಿ. ಮಾಧವರಾಯರು ದಿವಾನರಾಗಿದ್ದ ಕಾಲದಲ್ಲಿ (1857-1872) ಅದು ತೊಲಗಿತು. ಮಲಬಾರ್ ಮತ್ತು ಕನ್ನಡ ಜಿಲ್ಲೆಗಳಲ್ಲಿ ಕಂಪೆನಿ ಸರಕಾರವೂ ಅಂತಹುದೇ ಏಕಸ್ವಾಮ್ಯ ನಡೆಸಿತ್ತು. 1837ರಲ್ಲಿ ಅಮರಸುಳ್ಯದಿಂದ ಮಂಗಳೂರಿಗೆ ನಡೆದ ರೈತರ ದಂಗೆಗೆ ಕಾರಣವಾದ ಅಸಮಾಧಾನಗಳಲ್ಲಿ ಉಪ್ಪು ಹೊಗೆಸೊಪ್ಪುಗಳ ಮೇಲಿನ ಕರಭಾರವೂ ಒಂದು.

ಆದರೆ ಸರಕಾರಕ್ಕೆ ತೆತ್ತ ಸುಂಕಕ್ಕಿಂತ ಶರೀರವು ತೆರುವ ಸುಂಕ ದೊಡ್ಡದು. ಇಬ್ಬನಿಯಿಂದ ತೊಯ್ದ ಎಲೆಯನ್ನು ಬರಿಗೈಯಲ್ಲಿ ಕೊಯ್ಯುವವರಿಗೆ ಅದರೊಳಗಿನ ನಿಕೋಟಿನ್ ಚರ್ಮದ ಮೂಲಕವೇ ಮೈಗೇರಿ ತಲೆಸುತ್ತು, ವಾಂತಿ ತರುತ್ತದೆ. ಇನ್ನು ಕ್ಯಾನ್ಸರ್ ತರುವ ವಸ್ತುಗಳೋ, ಅವನ್ನು ಯಾರೂ ಹೊರಗಿನಿಂದ ಬೆರೆಸುವುದಿಲ್ಲ; ಅವುಗಳಲ್ಲಿ ಪ್ರಮುಖವಾದ ನೈಟ್ರೋಸಮೀನ್‌ಗಳು ಎಲೆ ಒಣಗಿ ಹದಗೊಳ್ಳುವಾಗಲೇ ಅದರಲ್ಲಿ ಉತ್ಪನ್ನವಾಗುತ್ತವೆ. ಹಿತ್ತಿಲ ಸೊಪ್ಪಿಗೂ ಪೇಟೆಯ ಸೊಪ್ಪಿಗೂ ಈ ವಿಷಯದಲ್ಲಿ ಭೇದವಿಲ್ಲ. ಅಡಿಕೆಯೊಂದೇ ಆದರೂ ನಿರಪಾಯವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ. ಅಡಿಕೆ ಬೆಳೆಯುವ ನಾಡಿನಿಂದ ಬಂದ ನಮಗೆ ಇದು ಕಹಿಯಾದ ಮಾತು. ಆದರೂ ಆಡದೆ ಗತ್ಯಂತರವಿಲ್ಲ.

ಸಮಾಧಾನದ ಸಂಗತಿಯೂ ಒಂದುಂಟು. ತಿರುವನಂತಪುರದಲ್ಲಿ 1981ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಆ ಜಿಲ್ಲೆಯ 13 ಪಂಚಾಯತುಗಳಲ್ಲಿ, 35 ವರ್ಷ ಮೀರಿದ ಸುಮಾರು 1,90,000 ಮಂದಿಯನ್ನು ಒಳಗೊಂಡ ಅಧ್ಯಯನವನ್ನು 1996ರಲ್ಲಿ ಆರಂಭಿಸಿದರು. ಕೆಲವು ಪಂಚಾಯತುಗಳಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಯಂತ್ರೋಪಕರಣಗಳಿಲ್ಲದೆ ಬಾಯನ್ನು ಕಣ್ಣಿಂದ ಪರೀಕ್ಷಿಸಿದರು. ಉಳಿದೆಡೆ ಹಾಗೆ ಮಾಡಲಿಲ್ಲ. ಪರೀಕ್ಷೆ ನಡೆದ ಕಡೆ, ಹೊಗೆಸೊಪ್ಪು ಇಲ್ಲವೆ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಮರಣಗಳು ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾದುವೆಂದು 2005ರಲ್ಲಿ ಪ್ರಕಟವಾಯಿತು. ನಮ್ಮ ಮನೆಗಳಲ್ಲಿಯೂ ಎಲೆಯಡಿಕೆಯ ಹಿರಿಯರ ಬಾಯನ್ನು ಬೆಳಕಿನಲ್ಲಿ ತೆರೆಸಿ ನೋಡುವುದು ಮಕ್ಕಳಿಗೆ ಕಷ್ಟವಾದ ಕೆಲಸವಲ್ಲ. ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾರದಿರುವುದು ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಹಾಗಾದರೆ ಹಿತ್ತಿಲ ಗಿಡದಿಂದ ಉಪಯೋಗವೇ ಇಲ್ಲವೆ? ಉಂಟು. ಅರ್ಧ ಕಿಲೋ ಒಣಸೊಪ್ಪನ್ನು ನಾಲ್ಕೂವರೆ ಲೀಟರು ನೀರಿನಲ್ಲಿ ಒಂದು ದಿನ ನೆನೆಯಿಟ್ಟು ಸೋಸಿ, ಬೇರೆಯಾಗಿ ಕರಗಿಸಿದ 120 ಗ್ರಾಂ ಬಟ್ಟೆಸಾಬೂನಿನ ನೀರನ್ನು ಕೂಡಿಸಿ, ಆರೇಳು ಪಾಲು ನೀರು ಬೆರೆಸಿ ಸಿಂಪಡಿಸಿದರೆ ತರಕಾರಿ ಗಿಡಗಳ ಹೇನು ನಾಶವಾಗುತ್ತದೆಂದು ಕೇರಳದ ಕೃಷಿಕರು ಬಲ್ಲರು. ಆಗಲೂ ಕೈಗೆ ಗವಸು ಬೇಕು. ಪಾತ್ರೆ ಮಕ್ಕಳಿಗೆ ಎಟುಕಬಾರದು. ಸಿಂಪಡಿಸಿದ ಮೇಲೆ ಕೆಲವು ದಿನ ತರಕಾರಿ ಕೀಳಬಾರದು. ಹೇನನ್ನು ಕೊಲ್ಲುವ ಆ ಕಷಾಯವನ್ನು ಇಷ್ಟೊಂದು ಜಾಗ್ರತೆಯಿಂದ ಮುಟ್ಟುವ ನಾವು, ಅದೇ ಸೊಪ್ಪನ್ನು ಮನೆಯದೆಂಬ ಮಮತೆಯಿಂದ ದವಡೆಯಲ್ಲಿ ಇರಿಸಿಕೊಳ್ಳುವುದು ಯುಕ್ತವೇ ಎಂಬುದನ್ನು ವಾಚಕರೇ ವಿವೇಚಿಸಲಿ.