ನಿಮಗಿದು ಗೊತ್ತೆ? 39 ಆದ ಮೇಲೆ 50!

ಅಮೆರಿಕದ ಲಾಸ್ ವೇಗಸ್‌ನ ವಿನ್ ಹೋಟೆಲಿನಲ್ಲಿ ಎತ್ತರದ ಕೋಣೆ ಹಿಡಿದವರು ಲಿಫ್ಟಿನಲ್ಲಿ ಗಮನಿಸಬೇಕು: 39ನೇ ಮಹಡಿ ದಾಟಿದರೆ ಸಿಗುವುದು 50! ನಡುವಿನ ನಲವತ್ತರ ಸಂಖ್ಯೆಗಳನ್ನಷ್ಟೇ ಹಾರಿಸಿದ್ದಾರೆ, ಮಹಡಿಗಳನ್ನಲ್ಲ. ಚೀನೀ ಭಾಷೆಯಲ್ಲಿ ‘ನಾಲ್ಕು’ ಎಂಬುದು ‘ಸಾವು’ ಎಂದಂತೆ ಕೇಳಿಸುತ್ತದೆ. ಜೂಜಿಗೆ ಬಂದ ಚೀನೀಯರಿಗೆ ಅಂಥ ಕೋಣೆ ಕೊಟ್ಟರೆ ಹೇಗೆ? ಎಂಟು ಮಾತ್ರ ಅವರಿಗೆ ಬಲು ಶುಭ. ಕಾರಿನ ನಂಬರು ಕೂಡಿ ಎಂಟು ಬಂದರೆ ಮುಖ ಸಿಂಡರಿಸುವ ನಮ್ಮ ಕೆಲವರು ಅಲ್ಲಿ ಎಂಟರ ಕೋಣೆ ಸಿಕ್ಕರೆ ಅಗ್ಗಕ್ಕೆ ಚೌಕಾಸಿ ಮಾಡಬಹುದೇನೋ!

ಅದೇ ಊರಲ್ಲಿ 1993ರಲ್ಲಿ ತೆರೆದ ಎಂಜಿಎಂ ಗ್ರ್ಯಾಂಡ್ ಹೋಟೆಲಿಗೆ ಸಿಂಹದ ಪ್ರತಿಮೆಯ ಬಾಯಿಯೊಳಗಿನಿಂದಲೇ ಪ್ರವೇಶವಿತ್ತು. ಏಷ್ಯಾದ ಜೂಜುಗಾರರು ಅಪಶಕುನವೆಂದು ಹಿಂಜರಿದರು. ಕೆಲವೇ ವರ್ಷಗಳಲ್ಲಿ ಆ ಬಾಯಿ ಮಾಯವಾಯಿತು.

ಇನ್ನು ಇಂಥ ಹೋಟೆಲುಗಳ ಕ್ಯಾಸಿನೊದಲ್ಲಿ ದೊಡ್ಡ ಪಣ ಕಟ್ಟುವವರಿಗೆ ಸಿಗುವ ‘ಉಚಿತ’ ಸೂಟ್, ಅಂದರೆ ಐಷಾರಾಮಿ ಕೋಣೆ. ಅದಕ್ಕೂ ಪಕ್ಕಾ ಲೆಕ್ಕವಿದೆ. ಸರಾಸರಿ ಪಣ, ಗಂಟೆಗೆ ಎಷ್ಟು ಆಟ, ಎಷ್ಟು ಗಂಟೆ, ಆ ಆಟದಲ್ಲಿ ಕ್ಯಾಸಿನೊಗೆ ಉಳಿಯುವ ಶೇಕಡಾವಾರು ಪಾಲು – ಎಲ್ಲವನ್ನೂ ಗುಣಿಸಿ ನೀವು ಸೋಲಬಹುದಾದ ಮೊತ್ತ ಅಂದಾಜಿಸುತ್ತಾರೆ. ಕೋಣೆಯ ಬಾಡಿಗೆ ಅದರಲ್ಲಿನ ಒಂದು ತುಣುಕು. ಆ ರಾತ್ರಿ ನೀವು ಗೆದ್ದರೂ ಸರಿಯೇ, ಸೂಟ್ ನಿಮಗೇ. ಮತ್ತೆ ಬರುತ್ತೀರೆಂದು ಅವರಿಗೆ ಗೊತ್ತು.